ಮಂಡಿಯ ಅಳತೆ ತೆಗೆದ ಕಥೆ

"ಕೂಕಂಡ್ರೆ ಏಳೂಕಾತಿಲ್ಲೆ ಮಾರಾಯ್ರೆ." ವಂಡ್ಸೆಯ ಸುತ್ತಮುತ್ತ ಈ ಮಾತು ಕೇಳದ ಮನೆ ಕಡಿಮೆ. ನಟ್ಟಿ, ಕಳೆ ಕೀಳುವುದು, ಅಡಿಕೆ ಹೆಕ್ಕುವುದು ಎಲ್ಲವೂ ಮಂಡಿಯ ಮೇಲೆ ಭಾರ ಬೀಳುವ ಕೆಲಸ. ಸವೆದ ಮಂಡಿ ಬದಲಿಸುವ ಮಾತು ಬಂದಾಗ "ನಿಮ್ಮ ಮಂಡಿಯ ಅಳತೆಗೇ ಮಾಡಿದ್ದು" ಎನ್ನುವ ಮಾತೂ ಈಗ ಜೊತೆಗೆ ಬರುತ್ತದೆ. ಏನದು? ನಾವು ಅದರ ಚರಿತ್ರೆ ಹುಡುಕಿದೆವು.

ಮೊದಲು ಒಂದು ಗೊಂದಲ ಬಿಡಿಸೋಣ. ಹೆಚ್ಚಿನ ಕಡೆ ಅಳತೆಗೆ ಮಾಡುವುದು ಒಳಗೆ ಕೂರಿಸುವ ಮಂಡಿಯನ್ನಲ್ಲ. ಗರಗಸ ಆಚೀಚೆ ಹೋಗದಿರಲಿ ಎಂದು ಆಚಾರಿಗಳು ಮರದ ಮೇಲೆ ಪಟ್ಟಿ ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದೊಂದು ಅಚ್ಚು. ಮೂಳೆ ಕೊಯ್ಯುವಾಗ ಅದರ ಮೇಲೆ ಕೂರಿಸಿ, ಕೆಲಸ ಮುಗಿದ ಮೇಲೆ ಎಸೆಯುತ್ತಾರೆ.

ಅಂಥ ಅಚ್ಚು ಮಾಡಲು ಮಂಡಿಯನ್ನು ಹೊರಗಿನಿಂದಲೇ ಕಾಣಬೇಕು. 1895ರಲ್ಲಿ ಜರ್ಮನಿಯ ರಾಂಟ್ಜನ್ ಎಕ್ಸ್‌ರೇ ಕಂಡುಹಿಡಿದರು. ಆದರೆ ಎಕ್ಸ್‌ರೇ ಒಂದು ನೆರಳು. ದೀಪದೆದುರು ಕೈ ಹಿಡಿದರೆ ಗೋಡೆಯ ಮೇಲಿನ ನೆರಳು ದೊಡ್ಡದಾಗುವಂತೆ ಇಲ್ಲೂ ಅಳತೆ ಹಿಗ್ಗುತ್ತದೆ. ಸೊಂಟದಿಂದ ಪಾದದವರೆಗೆ ಕಾಲು ಎಷ್ಟು ಸೊಟ್ಟಗಿದೆ ಎಂದು ನೋಡಲು ನಿಲ್ಲಿಸಿ ತೆಗೆದ ಉದ್ದದ ಎಕ್ಸ್‌ರೇ ಇಂದಿಗೂ ಬೇಕು. ಅಚ್ಚು ಎರೆಯಲು ಮಾತ್ರ ನೆರಳು ಸಾಲದು.

1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ರೂಪಿಸಿದ ಸಿಟಿ ಸ್ಕ್ಯಾನ್ ಮೊದಲ ರೋಗಿಯನ್ನು ನೋಡಿತು. ಹಲಸಿನ ಹಣ್ಣನ್ನು ಹೋಳು ಹೋಳಾಗಿ ನೋಡಿದಂತೆ ದೇಹವನ್ನು ಪದರ ಪದರವಾಗಿ ತೋರಿಸುವ ಯಂತ್ರ ಅದು. ಪದರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿದರೆ ಮೂಳೆಯ ಪೂರ್ತಿ ಆಕಾರ ಸಿಗುತ್ತದೆ. 1990ರ ದಶಕದಲ್ಲಿ ಜರ್ಮನಿಯ ಆಖೆನ್ ನಗರದಲ್ಲಿ ರಾಡರ್‌ಮಾಖರ್ ಮತ್ತು ಜೊತೆಗಾರರು ಇದೇ ಸಿಟಿ ಚಿತ್ರದಿಂದ ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ಅಚ್ಚು ಮಾಡಿ ತೋರಿಸಿದರು.

ಸಿಟಿಗೂ ಒಂದು ಕೊರತೆ ಇದೆ. ಮೂಳೆಯ ತುದಿಯಲ್ಲಿರುವ ಕಾರ್ಟಿಲೇಜ್ ಎಂಬ ಮೆತ್ತನೆಯ ಹೊದಿಕೆ ಅದರಲ್ಲಿ ಸರಿಯಾಗಿ ಕಾಣದು. ಎಂಆರ್‌ಐ ಅದನ್ನೂ ತೋರಿಸುತ್ತದೆ, ವಿಕಿರಣವೂ ಇಲ್ಲ. ಆದರೆ ಹೆಚ್ಚು ಹೊತ್ತು ಅಲುಗಾಡದೆ ಮಲಗಬೇಕು, ಖರ್ಚೂ ಹೆಚ್ಚು. ಪೇಸ್‌ಮೇಕರ್ ಇದ್ದವರಿಗೆ ಎಲ್ಲ ಕಡೆ ಮಾಡುವುದಿಲ್ಲ.

ಎಂಆರ್‌ಐ ನೋಡಿ ಅಚ್ಚು ಮಾಡಿ ಮಾರಿದವರಲ್ಲಿ ಅಮೆರಿಕದ ಓಟಿಸ್‌ಮೆಡ್ ಕಂಪನಿಯೂ ಒಂದು. 2009ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಡಲಿಲ್ಲ. ಸುರಕ್ಷಿತ, ಪರಿಣಾಮಕಾರಿ ಎಂಬುದಕ್ಕೆ ಸಾಕಷ್ಟು ಆಧಾರ ಕೊಟ್ಟಿಲ್ಲ ಎಂದಿತು. ಆ ಮೇಲೂ ಕಂಪನಿ ಅಚ್ಚುಗಳನ್ನು ಕಳಿಸಿತು. 2014ರಲ್ಲಿ ತಪ್ಪೊಪ್ಪಿಕೊಂಡು, ದಂಡ, ಪರಿಹಾರ ಎಲ್ಲ ಸೇರಿ ಸುಮಾರು 8 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಆಪರೇಷನ್ ಚೆನ್ನಾಗುತ್ತದೆ ಎನ್ನುವುದನ್ನು ಬೇರೆಯಾಗಿಯೇ ತೋರಿಸಬೇಕು.

ಒಪ್ಪಿಗೆ ಪಡೆದ ಬೇರೆ ಕಂಪನಿಗಳ ಅಚ್ಚುಗಳು ಈಗ ಬಳಕೆಯಲ್ಲಿವೆ. ಮಾಮೂಲಿ ವಿಧಾನದ ಜೊತೆ ಹೋಲಿಸಿದ ಅನೇಕ ಅಧ್ಯಯನಗಳಲ್ಲಿ ನೋವು, ನಡಿಗೆಯಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ. ತೊಡೆಮೂಳೆ ಹಿಂದೆ ಮುರಿದು ಸೊಟ್ಟಗಾಗಿದ್ದರೆ, ಒಳಗೆ ರಾಡ್ ಇದ್ದರೆ ಅಚ್ಚು ಉಪಯೋಗಕ್ಕೆ ಬರಬಹುದು.

2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ಜಿಎಸ್‌ಟಿ ಬಿಟ್ಟು 54,720 ರೂಪಾಯಿ. ಸ್ಕ್ಯಾನ್‌ಗೆ ಎಷ್ಟು, ಅಚ್ಚಿಗೆ ಎಷ್ಟು, ಮಂಡಿಗೆ ಎಷ್ಟು ಎಂದು ಬೇರೆ ಬೇರೆ ಬರೆಸಿಕೊಳ್ಳಿ. ನನ್ನ ಕಾಲಿಗೆ ಈ ಅಚ್ಚು ಯಾಕೆ ಬೇಕು ಎಂದು ಡಾಕ್ಟರ್ ಹತ್ತಿರ ಕೇಳಿ. ಅದಿಲ್ಲದೆಯೂ ಒಳ್ಳೆಯ ಆಪರೇಷನ್ ಆಗುತ್ತದೆ. ಅದಕ್ಕೆಂದೇ ಚಿನ್ನ ಅಡವಿಡುವ ಮೊದಲು ಇಷ್ಟು ಕೇಳಿಕೊಳ್ಳಿ.