ದಾನವಾಗಿ ಬಂದ ಕಾರ್ನಿಯಾದ ಸಂಗ್ರಹಣೆ: ನೋಂದಾಯಿತ ಅರ್ಜಿದಾರರ ಮಾಹಿತಿಗಾಗಿ

ಕಾರ್ನಿಯಾ ಕಸಿಗಾಗಿ ಹೆಸರು ನೋಂದಾಯಿಸಿ ಸರದಿಯಲ್ಲಿರುವವರು, ನೇತ್ರ ಭಂಡಾರಕ್ಕೆ ಕಣ್ಣು ಬಂದ ದಿನವೇ ತಮ್ಮನ್ನು ಏಕೆ ಕರೆಯುವುದಿಲ್ಲವೆಂದೂ, ಕರೆ ಬಂದ ಮೇಲೆ ಏಕೆ ಕೂಡಲೇ ಹೊರಟು ಬರಲು ತಿಳಿಸಲಾಗುತ್ತದೆಯೆಂದೂ ವಿಚಾರಿಸುವುದುಂಟು. ಸಂಗ್ರಹಣೆಯ ಅವಧಿಯಲ್ಲಿ ಕಾರ್ನಿಯಾದಲ್ಲಿ ಆಗುವ ಬದಲಾವಣೆಗಳಿಗೂ ಇದಕ್ಕೂ ಸಂಬಂಧವಿದ್ದು, ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

ಕಾರ್ನಿಯಾವು ಕಣ್ಣಿನ ಮುಂಭಾಗದಲ್ಲಿರುವ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ, ರಕ್ತನಾಳಗಳಿಲ್ಲದ ಪಾರದರ್ಶಕ ಪಟಲವಾಗಿರುತ್ತದೆ. ಇದರ ಒಳಪದರವು ಒಂದೇ ಸಾಲಿನ ಜೀವಕೋಶಗಳಿಂದ ಕೂಡಿದ್ದು, ಪಟಲದೊಳಗೆ ಸೇರುವ ನೀರನ್ನು ನಿರಂತರವಾಗಿ ಹೊರಹಾಕಿ ಅದನ್ನು ತಿಳಿಯಾಗಿರಿಸುತ್ತದೆ. ವಯಸ್ಕರಲ್ಲಿ ಚದರ ಮಿಲಿಮೀಟರಿಗೆ ಸುಮಾರು 2,500ರಷ್ಟಿರುವ ಈ ಕೋಶಗಳು ನಾಶವಾದಲ್ಲಿ ಅವುಗಳ ಸ್ಥಾನದಲ್ಲಿ ಹೊಸವು ಹುಟ್ಟುವುದಿಲ್ಲ. ಉಳಿದವು ಹಿಗ್ಗಿ ಜಾಗ ತುಂಬುತ್ತವೆ. ಕಸಿಯ ಬಾಳಿಕೆ ಬಹುಮಟ್ಟಿಗೆ ಈ ಪದರವನ್ನೇ ಅವಲಂಬಿಸಿದೆ.

ಮರಣಾನಂತರ ಸಾಮಾನ್ಯವಾಗಿ 6 ಗಂಟೆಗಳೊಳಗೆ ಸಂಗ್ರಹಿಸಲಾಗುವ ಕಾರ್ನಿಯಾವನ್ನು ಪೋಷಕ ದ್ರಾವಣದಲ್ಲಿ, 2ರಿಂದ 8 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಇರಿಸಲಾಗುತ್ತದೆ. ಶೀತದಿಂದ ಕೋಶಗಳ ಕ್ಷಯ ನಿಧಾನವಾಗುವುದಾದರೂ, ನೀರನ್ನು ಹೊರಹಾಕುವ ಕಾರ್ಯವೂ ಬಹುತೇಕ ಸ್ಥಗಿತಗೊಳ್ಳುತ್ತದೆ. ಇದರಿಂದ ಪಟಲವು ಊದಿಕೊಂಡು ದಪ್ಪವಾಗುತ್ತದೆ ಮತ್ತು ಒಳಮೈಯಲ್ಲಿ ನೆರಿಗೆಗಳು ಮೂಡುತ್ತವೆ. ಊತವನ್ನು ಮಿತಿಯಲ್ಲಿಡಲು ದ್ರಾವಣಕ್ಕೆ ಡೆಕ್ಸ್‌ಟ್ರಾನ್‌ನಂತಹ ವಸ್ತುಗಳನ್ನು ಸೇರಿಸಲಾಗಿರುತ್ತದೆ. ಈ ಊತದ ಬಗ್ಗೆ ಅರ್ಜಿದಾರರು ಆತಂಕಪಡಬೇಕಾಗಿಲ್ಲ. ಕಸಿಯ ನಂತರ ದೇಹದ ಶಾಖದಲ್ಲಿ ಕೋಶಗಳು ಪುನಃ ಕಾರ್ಯನಿರತವಾಗಿ ಪಟಲವು ಕ್ರಮೇಣ ತಿಳಿಯಾಗುತ್ತದೆ. ಹೊರಪದರವು ಉದುರಿದರೂ ಕಸಿ ಪಡೆದವರ ಸ್ವಂತ ಕೋಶಗಳು ಅದನ್ನು ಮುಚ್ಚುತ್ತವೆ. ಒಳಪದರದ ನಷ್ಟ ಮಾತ್ರ ಭರ್ತಿಯಾಗುವಂಥದ್ದಲ್ಲ.

1974ರಲ್ಲಿ ರೂಪುಗೊಂಡು ಇಂದಿಗೂ ಭಾರತದಲ್ಲಿ ಬಳಕೆಯಲ್ಲಿರುವ ಎಂ.ಕೆ. ದ್ರಾವಣದಲ್ಲಿ ಕಾರ್ನಿಯಾವನ್ನು 4 ದಿನಗಳವರೆಗೆ, ಕಾರ್ನಿಸಾಲ್ ಹಾಗೂ ಆಪ್ಟಿಸಾಲ್ ದ್ರಾವಣಗಳಲ್ಲಿ 14 ದಿನಗಳವರೆಗೆ ಇಡಬಹುದಾಗಿದೆ. ಇವು ಗರಿಷ್ಠ ಮಿತಿಗಳೇ ಹೊರತು, ಅಷ್ಟು ದಿನ ನಿಶ್ಚಿಂತೆಯಿಂದ ಇಟ್ಟುಕೊಳ್ಳಬಹುದೆಂದು ಭಾವಿಸತಕ್ಕದ್ದಲ್ಲ. ಒಳಪದರವನ್ನಷ್ಟೇ ಬದಲಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಂತೆ, 7 ದಿನಗಳೊಳಗೆ ಬಳಸಿದ ಕಾರ್ನಿಯಾಗಳಲ್ಲಿ ಶೇ. 95.3ರಷ್ಟು, 8ರಿಂದ 14 ದಿನ ಇರಿಸಿದವುಗಳಲ್ಲಿ ಶೇ. 92.1ರಷ್ಟು ಮೂರು ವರ್ಷಗಳ ನಂತರವೂ ಯಶಸ್ವಿಯಾಗಿದ್ದವು. ವ್ಯತ್ಯಾಸ ಅಲ್ಪವಾದರೂ, ಒಂದು ವಾರ ದಾಟಿದೆಯೆಂಬ ಕಾರಣಕ್ಕೆ ದಾನವನ್ನು ತಿರಸ್ಕರಿಸುವುದೂ, ವಿನಾಕಾರಣ ವಿಳಂಬಿಸುವುದೂ ಸರಿಯಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಆರಂಭದ ದಿನಗಳು ಪರೀಕ್ಷೆಗಳಿಗೆ ಅವಶ್ಯಕ. ದಾನಿಯ ರಕ್ತವನ್ನು ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಸೋಂಕುಗಳಿಗಾಗಿ ಪರೀಕ್ಷಿಸಲಾಗುತ್ತದೆ. ಸ್ಪೆಕ್ಯುಲರ್ ಮೈಕ್ರೋಸ್ಕೋಪ್ ಉಪಕರಣದಿಂದ ಒಳಪದರದ ಕೋಶಗಳನ್ನು ಎಣಿಸುವ ಮುನ್ನ ಕಾರ್ನಿಯಾವು ಕೊಠಡಿಯ ತಾಪಮಾನಕ್ಕೆ ಬರಬೇಕಾಗುತ್ತದೆ. ಕೋಶಗಳು ಕಡಿಮೆಯಿರುವ ಕಾರ್ನಿಯಾವನ್ನು ಹುಣ್ಣಿನಿಂದ ತೂತಾದ ಕಣ್ಣನ್ನು ಉಳಿಸುವಂತಹ ತುರ್ತು ಸಂದರ್ಭಗಳಲ್ಲಿ ಬಳಸಲು ಅವಕಾಶವಿದೆ. ಇದಕ್ಕಾಗಿ ಸರದಿ ಮೀರಿ ಇತರರನ್ನು ಕರೆದಿದ್ದಲ್ಲಿ ಅನ್ಯಥಾ ಭಾವಿಸಬಾರದಾಗಿ ಕೋರಲಾಗಿದೆ.

ಎಂ.ಕೆ. ದ್ರಾವಣದಲ್ಲಿರುವ ಕಾರ್ನಿಯಾಕ್ಕೆ, ಪರೀಕ್ಷೆಗಳು ಮುಗಿದ ನಂತರ ಉಳಿಯುವುದು ಎರಡು ಮೂರು ದಿನಗಳು ಮಾತ್ರ. ದೂರವಾಣಿ ಸಂಖ್ಯೆ ಅಥವಾ ವಿಳಾಸ ಬದಲಾದಲ್ಲಿ ನೋಂದಣಿಯಾದ ಆಸ್ಪತ್ರೆಗೆ ಆ ದಿನವೇ ತಿಳಿಸತಕ್ಕದ್ದು. ಊರಿನಿಂದ ಹೊರಗಿರುವಾಗ ಸಂಪರ್ಕಿಸಬಹುದಾದ ಮನೆಯವರೊಬ್ಬರ ಸಂಖ್ಯೆಯನ್ನೂ ಅರ್ಜಿಯಲ್ಲಿ ನಮೂದಿಸುವುದು.