ತಂದೆ 'ಎ', ತಾಯಿ 'ಬಿ', ಮಗು 'ಒ': ಇದು ಹೇಗೆ ಸಾಧ್ಯ?

ತಂದೆಯ ರಕ್ತದ ಗುಂಪು 'ಎ', ತಾಯಿಯದು 'ಬಿ', ಮಗುವಿನದು ಮಾತ್ರ 'ಒ'. ಇಂಥ ವರದಿ ಕಂಡು ಅನುಮಾನ ಪಡಬೇಕಿಲ್ಲ. ರಕ್ತದ ಗುಂಪು ನಿರ್ಧರಿಸುವ ಜೀನ್‌ನ ಒಂದು ಪ್ರತಿ ತಂದೆಯಿಂದ, ಇನ್ನೊಂದು ತಾಯಿಯಿಂದ ಬರುತ್ತದೆ. 'ಎ' ಮತ್ತು 'ಬಿ' ಪ್ರಬಲ, 'ಒ' ದುರ್ಬಲ. ಹಾಗಾಗಿ 'ಒ' ಗುಂಪಿನ ಮಗುವಿಗೆ ಇಬ್ಬರಿಂದಲೂ 'ಒ' ಬಂದಿರಬೇಕು. ಅಂದರೆ ತಂದೆಯ ಜೀನೋಟೈಪ್ 'ಎಒ', ತಾಯಿಯದು 'ಬಿಒ'. ಈ ದಂಪತಿಯ ಪ್ರತಿ ಮಗುವಿಗೂ 'ಎ', 'ಬಿ', 'ಎಬಿ', 'ಒ' ಗುಂಪು ಬರುವ ಸಾಧ್ಯತೆ ತಲಾ ಶೇ. 25.

ಸಾಮಾನ್ಯವಾಗಿ 'ಎಬಿ' ಗುಂಪಿನವರಿಗೆ 'ಒ' ಗುಂಪಿನ ಮಗು ಹುಟ್ಟುವುದಿಲ್ಲ. ಆದರೆ 1952ರಲ್ಲಿ ಮುಂಬೈನಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ತಂಡ ಗುರುತಿಸಿದ ಅಪರೂಪದ 'ಬಾಂಬೆ' ಗುಂಪು, ಸಾಮಾನ್ಯ ಪರೀಕ್ಷೆಯಲ್ಲಿ 'ಒ' ಎಂದೇ ಕಾಣಬಹುದು. ಆದ್ದರಿಂದ ರಕ್ತದ ಗುಂಪೊಂದನ್ನೇ ನೋಡಿ ಯಾರನ್ನೂ ಶಂಕಿಸಬೇಡಿ. ಖಚಿತ ಉತ್ತರ ಬೇಕಿದ್ದರೆ ಡಿಎನ್‌ಎ ಪರೀಕ್ಷೆ ಇದೆ.