ಕೋವಿಯ ಕಂದುಬಣ್ಣ

ಇಂಗ್ಲಿಷ್ ಸೇನೆಯ ಹಳೆಯ ಚಕಮಕಿ ಕೋವಿಗೆ ‘ಬ್ರೌನ್ ಬೆಸ್’ ಎಂಬ ಅಡ್ಡಹೆಸರಿದ್ದುದನ್ನು ವಾಚಕರು ಬಲ್ಲರು. ನಳಿಗೆಗೆ ಕಂದುಬಣ್ಣ ಕಟ್ಟುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಹಲವರು ಬರೆದಿರುವರು. ಈ ನಿರುಕ್ತಿಯು ನಿಲ್ಲತಕ್ಕುದಲ್ಲ. 1785ರಲ್ಲಿ ಫ್ರಾನ್ಸಿಸ್ ಗ್ರೋಸನು ಪ್ರಕಟಿಸಿದ ಗ್ರಾಮ್ಯಪದಕೋಶದಲ್ಲಿಯೇ ಹೆಸರು ದೊರೆಯುತ್ತದೆ. ಆ ಕಾಲದ ಕಾಲಾಳಿನ ಕೋವಿಯ ನಳಿಗೆಯಾದರೋ ಬೆಳ್ಳಗೆ ಹೊಳೆಯುತ್ತಿದ್ದಿತು. ಇಟ್ಟಿಗೆಯ ಪುಡಿಯಿಂದ ಅದನ್ನು ತಿಕ್ಕಿ ಬೆಳಗುವುದು ಸಿಪಾಯಿಯ ನಿತ್ಯಕರ್ಮವಾಗಿದ್ದಿತು. 1800ರ ಸುಮಾರಿಗೆ ಬಳಕೆಗೆ ಬಂದ ಬೇಕರ್ ರೈಫಲಿನ ನಳಿಗೆ ಮಾತ್ರ ಕಂದು. ಸಾಮಾನ್ಯ ಕಾಲಾಳಿನ ಕೋವಿಗೆ ಆ ಬಣ್ಣ ಬಂದುದು ಅದಕ್ಕೂ ತರುವಾಯ. ಹೆಸರು ಅಕ್ರೋಟು ಮರದ ಹಿಡಿಯಿಂದ ಬಂದಿತೋ, ಬರಿಯ ಅನುಪ್ರಾಸದ ಮೋಹದಿಂದಲೋ, ನಳಿಗೆಯಿಂದಂತೂ ಬಂದುದಲ್ಲ.

ಹೊಳಪನ್ನು ಬಿಟ್ಟು ಕಂದನ್ನು ಹಿಡಿದುದಕ್ಕೆ ಕಾರಣ ಎರಡು. ಬಿಸಿಲಿನಲ್ಲಿ ಮಿನುಗುವ ನಳಿಗೆ ಬಂಟನಿರುವ ಎಡೆಯನ್ನು ಹಗೆಗೆ ತೋರಿಸಿಕೊಡುವುದು. ದಿನದಿನವೂ ತಿಕ್ಕಿದ ಕಬ್ಬಿಣವು ಸವೆದು ತೆಳುವಾಗುವುದು. ಕಂದು ಕಟ್ಟುವ ವಿಧಾನವೋ ವಿಚಿತ್ರವಾದುದು: ತುಕ್ಕನ್ನು ತುಕ್ಕಿನಿಂದಲೇ ತಡೆಯುವುದು. ನಳಿಗೆಯ ಜಿಡ್ಡನ್ನೆಲ್ಲ ಕಳೆದು, ಆಮ್ಲಲವಣಗಳ ದ್ರಾವಣವನ್ನು ತೆಳ್ಳಗೆ ಸವರಿ, ತೇವದ ಗಾಳಿಯಲ್ಲಿ ಕೆಂಪುತುಕ್ಕು ಏಳುವವರೆಗೆ ಇರಿಸುವರು. ಸಡಿಲವಾದ ತುಕ್ಕನ್ನು ತಂತಿಯ ಕುಂಚದಿಂದ ಉಜ್ಜಿ ತೆಗೆದು ಮತ್ತೆ ಸವರುವರು. ಹೀಗೆ ಹಲವು ಸಲ ಮಾಡಿ, ಆಮ್ಲವನ್ನು ತೊಳೆದು ಎಣ್ಣೆ ಹಚ್ಚಿದರೆ, ಬಿಗಿಯಾದ ಕಂದುಪದರವು ಉಳಿಯುವುದು. ಪ್ರತಿಸಲವೂ ನೀರಿನಲ್ಲಿ ಕುದಿಸಿದರೆ ಆ ಕೆಂಪೇ ಕಪ್ಪು ಆಕ್ಸೈಡಾಗಿ ಮಾರ್ಪಟ್ಟು ನೀಲಿಗಪ್ಪು ದೊರೆಯುವುದು.

ಮನೆಯಲ್ಲಿಯೇ ಹಳೆಯ ಕೋವಿಯನ್ನು ಸರಿಪಡಿಸಹೊರಟವರು ಈ ನಿಧಾನದ ಮಾರ್ಗವನ್ನು ಬಿಡಬಾರದೆಂದು ನನ್ನ ಅಭಿಪ್ರಾಯ. ಕಾರ್ಖಾನೆಗಳ ಕುದಿಯುವ ಕ್ಷಾರದ ನೀಲಿಯು ಬೇಗ ಆಗುವುದು ನಿಜ. ಆದರೆ ಹಳೆಯ ಜೋಡುನಳಿಗೆಗಳನ್ನು ಮೆದುಬೆಸುಗೆಯಿಂದ ಕೂಡಿಸಿರುವುದುಂಟು. ಆ ಕ್ಷಾರವು ಬೆಸುಗೆಯನ್ನೇ ತಿಂದುಬಿಡುವುದು. ಕುದಿನೀರಿನ 100 ಡಿಗ್ರಿಯ ಶಾಖಕ್ಕೆ ಬೆಸುಗೆ ಕದಲದು. 1906ರಲ್ಲಿ ಕಾಸ್ಲೆಟ್ಟನು ಪೇಟೆಂಟು ಪಡೆದ, ಮುಂದೆ ಪಾರ್ಕರ್ ಕಂಪೆನಿಯು ಬಳಕೆಗೆ ತಂದ ಫಾಸ್ಫೇಟು ಲೇಪವು ಎಣ್ಣೆ ಹಿಡಿದು ಬಾಳುವುದರಲ್ಲಿ ಮಿಗಿಲು. ಎರಡನೆಯ ಮಹಾಯುದ್ಧದ ಕೋವಿಗೆ ಒಪ್ಪುವ ಅದರ ಬೂದುಮೈ ಚಕಮಕಿ ಕೋವಿಗೆ ಹೊಂದದು. ಹಚ್ಚಿದೊಡನೆ ಕಪ್ಪಾಗುವ ತಣ್ಣೀಲಿ ದ್ರಾವಣಗಳು ಕೈಬೆವರಿಗೇ ಅಳಿದುಹೋಗುವುವು.

ಇದಕ್ಕಿಂತಲೂ ದೊಡ್ಡ ಅಪಾಯ ಬಣ್ಣಕ್ಕೆ ಮೊದಲಿನ ಉಜ್ಜುವಿಕೆಯಲ್ಲಿದೆ. ಶ್ರೀರಂಗಪಟ್ಟಣದಲ್ಲಿ ತಯಾರಾದ ಟಿಪ್ಪುವಿನ ಕೋವಿಗಳಲ್ಲಿ ಹುಲಿಪಟ್ಟೆಗಳನ್ನೂ ಮೌಲೂದಿ ಶಕೆಯ ವರ್ಷಗಳನ್ನೂ ಕಾಣಬಹುದು. ಅಂಥ ಕೋವಿಯ ಮೇಲೆ ಮರಳುಕಾಗದವನ್ನು ಆಡಿಸುವುದು ಶಾಸನದ ಕಲ್ಲನ್ನು ಉಳಿಯಿಂದ ನಯಮಾಡಿದಂತೆ. ಬರೆಹವಿರುವ ಕೋವಿಗೆ ಎಣ್ಣೆಯೂ ಮೃದುವಾದ ಬಟ್ಟೆಯೂ ಸಾಕು; ಹೊಸ ಬಣ್ಣ ಸಲ್ಲದು.

ಕೊಡಗಿನಲ್ಲಿ ಈ ಮಾತು ಪುರಾತನ ವಸ್ತುಶಾಲೆಗೆ ಮಾತ್ರ ಸಂಬಂಧಿಸಿದುದಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಇದ್ದ ಕೋವಿಯ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ, 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಂದು ಮನೆಯ ಕೋವಿಗಳನ್ನು ಶುಚಿಮಾಡಿ, ತೋಕ್‌ಪೂವನ್ನು ಸಿಕ್ಕಿಸಿ ಪೂಜಿಸುವರು. ಮಳೆಗಾಲದ ತೇವ ಇನ್ನೂ ಆರಿರದ ಆ ದಿನಗಳಲ್ಲಿ, ಅಜ್ಜನ ಕೋವಿಯ ಮಾಸಿದ ಕಂದಿನ ಮೇಲೆ ಎಣ್ಣೆಯ ಬಟ್ಟೆಯಾಡಿಸುವ ಕೈಗೆ, ನಳಿಗೆಯ ಬುಡದಲ್ಲಿ ಒತ್ತಿದ ಪರೀಕ್ಷಾಮುದ್ರೆಗಳು ಇಂದಿಗೂ ತಗಲುವುವು.